1812ರ ಯುದ್ಧವೀರನಿಗೆ ಅರ್ಪಿಸಿದ ಬೆಳ್ಳಿ ಹೂಜಿಯ ತಳದಲ್ಲಿ ‘ಸ್ಟರ್ಲಿಂಗ್’ ಮುದ್ರೆ ಇದ್ದರೆ ಅದು ಅಸಲಿಯೇ?

ಅಮೆರಿಕದಲ್ಲಿರುವ ಮಗಳ ಮನೆಗೆ ಬಂದಿದ್ದಾಗ ಹಳೆಯ ಸಾಮಾನುಗಳ ಅಂಗಡಿಯಲ್ಲಿ, ಅಮೆರಿಕ ಮತ್ತು ಬ್ರಿಟನ್ ನಡುವೆ ನಡೆದ 1812ರ ಯುದ್ಧದ ಅಧಿಕಾರಿಯೊಬ್ಬರಿಗೆ ಊರಿನವರು ಅರ್ಪಿಸಿದ್ದೆಂದು ಕೆತ್ತಿರುವ ಬೆಳ್ಳಿ ಹೂಜಿಯನ್ನು ಕಂಡಿರೆಂದೂ, ಅದರ ತಳದಲ್ಲಿ ‘ಸ್ಟರ್ಲಿಂಗ್’ ಎಂಬ ಮುದ್ರೆ ಇದೆಯೆಂದೂ ಬರೆದಿದ್ದೀರಿ. ಅದು ಆ ಕಾಲದ್ದೇ, ಕೊಂಡರೆ ಕಪ್ಪನ್ನು ತಿಕ್ಕಿ ತೆಗೆಯಬಹುದೇ ಎಂಬುದು ನಿಮ್ಮ ಪ್ರಶ್ನೆ. ನಾನಾಗಿದ್ದರೆ ಆ ಮುದ್ರೆಯನ್ನು ನೋಡಿಯೇ ಕೊಳ್ಳಲು ಹಿಂಜರಿಯುತ್ತಿದ್ದೆ.

ಆ ಕಾಲದಲ್ಲಿ ಅಮೆರಿಕದ ಅಕ್ಕಸಾಲಿಗರು ಬಹುಮಟ್ಟಿಗೆ ನಾಣ್ಯಗಳ ಗುಣಮಟ್ಟದ, ಅಂದರೆ ಶೇಕಡ 90ರ ಆಸುಪಾಸಿನ ಬೆಳ್ಳಿಯಲ್ಲೇ ಕೆಲಸ ಮಾಡುತ್ತಿದ್ದರು. ತಳದಲ್ಲಿ ತಮ್ಮ ಹೆಸರನ್ನೋ ಮೊದಲಕ್ಷರಗಳನ್ನೋ ಒತ್ತುತ್ತಿದ್ದರು. ಶೇಕಡ 92.5ರ ಸ್ಟರ್ಲಿಂಗ್ ಅಲ್ಲಿ ವಾಡಿಕೆಗೆ ಬಂದದ್ದು 19ನೇ ಶತಮಾನದ ಉತ್ತರಾರ್ಧದಲ್ಲಿ. ಅದಕ್ಕೂ ಮುಂಚೆ ಆ ಮುದ್ರೆ ಅಪರೂಪ. ಹಾಗೆಂದು ಹೂಜಿ ಮೋಸದ್ದೆಂದು ಹೇಳಲಾಗದು. ವಂಶಸ್ಥರು ಮುಂದೆ ಮಾಡಿಸಿದ ಪ್ರತಿಯೂ ಆಗಿರಬಹುದು.

ಇಂಥ ಪಾತ್ರೆಗಳಲ್ಲಿ ನನಗೆ ಬೆಳ್ಳಿಗಿಂತ ಅದರ ಮೇಲಿನ ಬರಹವೇ ಮುಖ್ಯ. ಅಮೆರಿಕದ ವಸ್ತುಸಂಗ್ರಹಾಲಯಗಳನ್ನು ನಡೆಸುವ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿರುವ ಒಂದು ಬೋಗುಣಿಯನ್ನೇ ನೋಡಿ. 1814ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ನೌಕೆಗಳು ಬಾಲ್ಟಿಮೋರಿನ ಫೋರ್ಟ್ ಮೆಕ್‌ಹೆನ್ರಿಯ ಮೇಲೆ ಸುಮಾರು 25 ಗಂಟೆ ಗುಂಡಿನ ಮಳೆಗರೆದರೂ ಕೋಟೆಯನ್ನು ಬಿಟ್ಟುಕೊಡದೆ ಕಾದ ಜಾರ್ಜ್ ಆರ್ಮಿಸ್ಟೆಡ್‌ಗೆ ನಗರದ ನಾಗರಿಕರು ಅದನ್ನು ಅರ್ಪಿಸಿದರು. ಫಿಲಡೆಲ್ಫಿಯದ ಅಕ್ಕಸಾಲಿಗರಾದ ಫ್ಲೆಚರ್ ಮತ್ತು ಗಾರ್ಡಿನರ್ ಅದನ್ನು ರೂಪಿಸಿದ್ದು ಕೋಟೆಯ ಮೇಲೆ ಬಿದ್ದ ಬಾಂಬಿನ ಆಕಾರದಲ್ಲಿ: ದುಂಡನೆಯ ಒಡಲು, ಅದನ್ನು ಹೊತ್ತು ನಿಂತ ಹದ್ದುಗಳು. ಸಾವಿರದ ಐನೂರಕ್ಕೂ ಹೆಚ್ಚು ಬಾಂಬುಗಳು ಹಾರಿಬಂದವು, ಅವುಗಳಲ್ಲಿ 400 ಕೋಟೆಯೊಳಗೇ ಬಿದ್ದವು, ಕೆಲವು ಈ ಪಾತ್ರೆಯಷ್ಟೇ ಅಗಲವಿದ್ದವು ಎಂದು ಅದರ ಮೇಲೆಯೇ ಬರೆಸಿದ್ದಾರೆ. ತಮ್ಮನ್ನು ಕೊಲ್ಲಲು ಬಂದ ವಸ್ತುವಿನ ಅಳತೆಯಲ್ಲೇ ಕೃತಜ್ಞತೆಯನ್ನು ಸಲ್ಲಿಸಿದ ಆ ಊರಿನವರ ಮನಸ್ಸನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಆರ್ಮಿಸ್ಟೆಡ್ 1818ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡ.

ನಿಮ್ಮ ಹೂಜಿಯ ಬರಹವನ್ನೂ ಹೀಗೆಯೇ ಸಾವಧಾನವಾಗಿ ಓದಿ. ಅಧಿಕಾರಿಯ ಪದವಿ ಪಾತ್ರೆ ಕೊಟ್ಟ ದಿನಕ್ಕೆ ಹೊಂದುತ್ತದೆಯೇ ನೋಡಿ. ಆರ್ಮಿಸ್ಟೆಡ್ ಕಾಳಗದ ಹೊತ್ತಿಗೆ ಮೇಜರ್, ಆದರೆ ಬೋಗುಣಿಯ ಮೇಲೆ ಲೆಫ್ಟಿನೆಂಟ್ ಕರ್ನಲ್, ಏಕೆಂದರೆ ಆ ಹೋರಾಟಕ್ಕಾಗಿಯೇ ಅವನಿಗೆ ಬಡ್ತಿ ಸಿಕ್ಕಿತ್ತು. ಬಳಿಕ ಬರಹದ ಜಾಗದಲ್ಲಿ ತಗಡನ್ನು ಒಳಗೂ ಹೊರಗೂ ಬೆರಳಿಟ್ಟು ಮೆಲ್ಲಗೆ ಒತ್ತಿ. ಅಲ್ಲಿ ಮಾತ್ರ ತೆಳುವಾಗಿದ್ದರೆ ಬೇರೆ ಯಾರದೋ ಹೆಸರನ್ನು ಉಜ್ಜಿ ತೆಗೆದು ಹೊಸದನ್ನು ಕೆತ್ತಿರುವ ಸಾಧ್ಯತೆಯಿದೆ. ಇನ್ನೂರು ವರ್ಷ ಒರೆಸಿಕೊಂಡು ಬಂದ ಅಕ್ಷರಗಳ ಅಂಚು ನಯವಾಗಿರಬೇಕು. ಉಗುರಿಗೆ ಚುರುಕ್ಕೆಂದು ತಾಗಿದರೆ ಅನುಮಾನಪಡಿ.

ಕಪ್ಪಿನ ವಿಚಾರ: ದಯವಿಟ್ಟು ಮನೆಯ ದೀಪಗಳನ್ನು ವಿಭೂತಿಯಿಂದ ತಿಕ್ಕುವಂತೆ ಇದನ್ನು ತಿಕ್ಕಬೇಡಿ. ಪ್ರತಿ ಸಲ ತಿಕ್ಕಿದಾಗಲೂ ಕಪ್ಪಿನ ಜೊತೆ ಒಂದಿಷ್ಟು ಬೆಳ್ಳಿಯೂ, ಅಕ್ಷರಗಳ ಆಳವೂ ಹೋಗುತ್ತವೆ. ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿದರೆ ಸಾಕು, ಗೆರೆಗಳೊಳಗಿನ ಕಪ್ಪು ಹಾಗೆಯೇ ಇರಲಿ. ಮುಂದಿನ ಸಲ ಆ ಅಂಗಡಿಗೆ ಹೋದಾಗ ತಳದ ಮುದ್ರೆಯನ್ನೂ ಬರಹವನ್ನೂ ಓರೆ ಬೆಳಕಿನಲ್ಲಿ ಫೋಟೊ ತೆಗೆದು ಇಲ್ಲಿ ಹಾಕಿ. ಹೆಸರು, ಪದವಿ, ದಿನಾಂಕ ಓದಲು ಸಿಕ್ಕರೆ ಇನ್ನಷ್ಟು ಖಚಿತವಾಗಿ ಹೇಳುತ್ತೇನೆ.