ಅಂತರಜಾಲದ ಲಗಾಮು ಯಾರ ಕೈಯಲ್ಲಿದೆ?

ಪ್ರಶ್ನೆ: ಅಂತರಜಾಲವೆಲ್ಲ ಅಮೆರಿಕದ ಹಿಡಿತದಲ್ಲಿದೆ ಎನ್ನುತ್ತಾರೆ. ದೇಶಗಳ ನಡುವೆ ವೈರ ಬೆಳೆದಾಗ ಒಂದು ದೇಶದ ಜಾಲತಾಣಗಳನ್ನೆಲ್ಲ ಅಳಿಸಿಹಾಕಲು ಸಾಧ್ಯವೇ?
– ಓದುಗರೊಬ್ಬರು, ಹಾಸನ

ಉತ್ತರ: ಅಂಥ ಬೇಡಿಕೆಯೊಂದು ನಿಜವಾಗಿಯೂ ಬಂದಿತ್ತು. 2022ರ ಫೆಬ್ರವರಿ ಕೊನೆಯಲ್ಲಿ, ರಷ್ಯಾ ದಾಳಿ ಆರಂಭಿಸಿದ ಕೆಲವೇ ದಿನಗಳಲ್ಲಿ, ಉಕ್ರೇನ್‌ನ ಉಪಪ್ರಧಾನಿ ಮಿಖೈಲೊ ಫೆಡೊರೊವ್ ಅವರು ಡೊಮೇನ್ ಹೆಸರುಗಳ, ಅಂದರೆ ಜಾಲತಾಣಗಳ ವಿಳಾಸಗಳ, ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಗೆ ಪತ್ರ ಬರೆದು, ‘ಡಾಟ್ ಆರ್‌ಯು’ ಮೊದಲಾದ ರಷ್ಯಾದ ಡೊಮೇನ್‌ಗಳನ್ನು ರದ್ದುಪಡಿಸುವಂತೆ ಕೇಳಿದರು. ಅಂತರಜಾಲ ನಡೆಯುವಂತೆ ನೋಡಿಕೊಳ್ಳುವುದಷ್ಟೇ ತನ್ನ ಹೊಣೆ, ದಂಡಿಸುವ ಅಧಿಕಾರ ತನಗಿಲ್ಲ ಎಂದು ಸಂಸ್ಥೆ ಉತ್ತರಿಸಿತು. ಉಕ್ರೇನಿನ ಸಂಕಟ ದೊಡ್ಡದೇ. ಆದರೂ ಈ ನಿರಾಕರಣೆ ಸರಿಯಾಗಿತ್ತೆಂದೇ ನಾನು ಭಾವಿಸುತ್ತೇನೆ, ಏಕೆಂದರೆ ಒಮ್ಮೆ ಆ ಬಾಗಿಲು ತೆರೆದರೆ ಮುಂದಿನ ಬೇಡಿಕೆ ಯಾರಿಂದ, ಯಾರ ವಿರುದ್ಧ ಬರುತ್ತದೆಂದು ಹೇಳಲಾಗದು.

1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪನೆಯಾದ ಈ ಲಾಭರಹಿತ ಸಂಸ್ಥೆಯ ಮುಖ್ಯ ಕೆಲಸದ ಮೇಲೆ ಅಮೆರಿಕದ ವಾಣಿಜ್ಯ ಇಲಾಖೆಯ ಮೇಲ್ವಿಚಾರಣೆ ಬಹುಕಾಲ ಇದ್ದುದು ಹೌದು. ಅಮೆರಿಕದ ಬೇಹುಗಾರಿಕಾ ಸಂಸ್ಥೆಗೆ ಗುತ್ತಿಗೆಯ ಮೇಲೆ ದುಡಿಯುತ್ತಿದ್ದ ಎಡ್ವರ್ಡ್ ಸ್ನೋಡೆನ್ ಬಯಲು ಮಾಡಿದ ಬೇಹುಗಾರಿಕೆಯ ಸಂಗತಿಗಳಿಂದ 2013ರಲ್ಲಿ ಜಗತ್ತು ಬೆಚ್ಚಿದ ಮೇಲೆ, ಆ ಹೊಣೆಯನ್ನು ಬಿಟ್ಟುಕೊಡುವ ಇರಾದೆಯನ್ನು 2014ರ ಮಾರ್ಚ್‌ನಲ್ಲಿ ಅಮೆರಿಕ ಪ್ರಕಟಿಸಿತು. ಸರ್ಕಾರಗಳು, ಕಂಪನಿಗಳು, ತಂತ್ರಜ್ಞರು ಮತ್ತು ನಾಗರಿಕ ಸಂಘಟನೆಗಳು ಒಟ್ಟಿಗೆ ಕುಳಿತು ರೂಪಿಸಿದ ಯೋಜನೆಯಂತೆ 2016ರ ಅಕ್ಟೋಬರ್ 1ರಂದು ಈ ಎಲ್ಲ ಭಾಗೀದಾರರ ಸಮುದಾಯಕ್ಕೆ ಹಸ್ತಾಂತರ ಮುಗಿಯಿತು. ಸಂಸ್ಥೆ ಇಂದಿಗೂ ಕ್ಯಾಲಿಫೋರ್ನಿಯಾದ ಕಾನೂನಿಗೆ ಒಳಪಟ್ಟಿದೆ ಎಂಬ ಆಕ್ಷೇಪವೇನೋ ಉಳಿದೇ ಇದೆ, ಮತ್ತು ಅದು ಹುರುಳಿಲ್ಲದ ಆಕ್ಷೇಪವಲ್ಲ.

ಪ್ರಶ್ನೆ: ಭಾರತ ಯಾವ ಪಕ್ಷದಲ್ಲಿದೆ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಹಿಡಿತ ಸರ್ಕಾರಗಳ ಕೈಯಲ್ಲಿರಬೇಕು ಎನ್ನುವವರು ಒಂದು ಪಕ್ಷ, ಎಲ್ಲ ಭಾಗೀದಾರರಿಗೂ ಪಾಲಿರಬೇಕು ಎನ್ನುವವರು ಇನ್ನೊಂದು ಪಕ್ಷ; ಭಾರತ ಎರಡರಲ್ಲೂ ಇದ್ದು ನೋಡಿದೆ. 2011ರಲ್ಲಿ ವಿಶ್ವಸಂಸ್ಥೆಯ ಮುಂದೆ ಅಂತರಜಾಲದ ಮೇಲ್ವಿಚಾರಣೆಗೆ ಸರ್ಕಾರಗಳ 50 ಸದಸ್ಯರ ಸಮಿತಿಯೊಂದನ್ನು ಸೂಚಿಸಿದ್ದ ಭಾರತ, 2015ರ ಜೂನ್‌ನಲ್ಲಿ ಆಗಿನ ಸಚಿವ ರವಿಶಂಕರ ಪ್ರಸಾದ್ ಅವರ ಮೂಲಕ ಎಲ್ಲ ಭಾಗೀದಾರರಿಗೂ ಪಾಲಿರುವ ವ್ಯವಸ್ಥೆಯನ್ನು ಬೆಂಬಲಿಸಿತು.

ಪ್ರಶ್ನೆ: ಇದರಲ್ಲಿ ಕನ್ನಡಿಗರಿಗೇನು ಸಂಬಂಧ?
– ಓದುಗರೊಬ್ಬರು, ಮೈಸೂರು

ಉತ್ತರ: ನೇರ ಸಂಬಂಧವಿದೆ. ಜಾಲತಾಣದ ವಿಳಾಸದ ಕೊನೆಯ ಭಾಗವನ್ನೂ ಕನ್ನಡ ಲಿಪಿಯಲ್ಲಿ ಬರೆಯಬೇಕಾದರೆ ಯಾವ ಅಕ್ಷರ, ಯಾವ ಜೋಡಣೆ ಸಲ್ಲುತ್ತದೆ ಎಂಬ ನಿಯಮ ಬೇಕು. ಕನ್ನಡ, ತೆಲುಗು, ಮಲಯಾಳಂ ಸೇರಿದಂತೆ ಒಂಬತ್ತು ಲಿಪಿಗಳಿಗೆ ಈ ನಿಯಮಗಳನ್ನು ರಚಿಸಿದ್ದು ಐಕ್ಯಾನ್‌ನ ನೌಕರರಲ್ಲ, ಬ್ರಾಹ್ಮಿಯಿಂದ ಬೆಳೆದ ಲಿಪಿಗಳಿಗಾಗಿ ರಚಿತವಾದ ನವಬ್ರಾಹ್ಮಿ ಸಮಿತಿಯಲ್ಲಿ ಸ್ವಯಂಪ್ರೇರಿತರಾಗಿ ದುಡಿದ ಭಾಷಾತಜ್ಞರು ಮತ್ತು ತಂತ್ರಜ್ಞರು. ಕನ್ನಡ ಮತ್ತು ತೆಲುಗಿನ ಹಲವು ಅಕ್ಷರಗಳು ಕಣ್ಣಿಗೆ ಒಂದೇ ಆಗಿ ಕಾಣುವುದರಿಂದ, ಒಂದು ಲಿಪಿಯ ಹೆಸರನ್ನು ಹೋಲುವ ಇನ್ನೊಂದು ಲಿಪಿಯ ಹೆಸರನ್ನು ಪಡೆದು ವಂಚಿಸಲು ಅವಕಾಶವಾಗದಂತೆ ಎರಡೂ ಲಿಪಿಗಳವರು ಕೂಡಿಯೇ ನಿರ್ಧರಿಸಬೇಕಾಯಿತು. ಇಂಥ ಕರಡುಗಳನ್ನು ಅಂಗೀಕಾರಕ್ಕೆ ಮುನ್ನ ಸಾರ್ವಜನಿಕರ ಮುಂದಿಡುವ ಪದ್ಧತಿಯಿದ್ದು, ಅಭಿಪ್ರಾಯ ಬರೆಯಲು ಶುಲ್ಕವೂ ಬೇಕಿಲ್ಲ, ಸರ್ಕಾರದ ಅನುಮತಿಯೂ ಬೇಕಿಲ್ಲ.