ಬಾಳೆಹಣ್ಣಿನ ಲೋಫ್ ನಡುವೆ ಕುಸಿಯುವುದೇಕೆ?

ಪ್ರಶ್ನೆ: ತೋಟದ ಪಚ್ಚಬಾಳೆ ಒಟ್ಟಿಗೇ ಹಣ್ಣಾದಾಗ ಅಕ್ರೋಟು ಸೇರಿಸಿ ಓವನ್ನಿನಲ್ಲಿ ಲೋಫ್ (ಬ್ರೆಡ್ಡಿನ ಆಕಾರದ ಕೇಕ್) ಮಾಡುತ್ತೇನೆ. ಮೇಲ್ಭಾಗ ಕೆಂಪಾದರೂ ನಡುಭಾಗ ಕುಸಿದು ಅಂಟಂಟಾಗಿ ಉಳಿಯುತ್ತದೆ. ತಪ್ಪೆಲ್ಲಿ?
— ಓದುಗರೊಬ್ಬರು, ಮೂಡಿಗೆರೆ

ಉತ್ತರ: ಹಣ್ಣಿನ ಪ್ರಮಾಣ ಹೆಚ್ಚಾಗಿರುವಂತೆ ತೋರುತ್ತದೆ, ತೋಟದ ಹಣ್ಣು ಹಾಳಾಗಬಾರದೆಂದು ಇನ್ನೊಂದನ್ನು ಸೇರಿಸುವ ಮನಸ್ಸಾಗುವುದು ಸಹಜವೇ. ಆದರೆ 200 ಗ್ರಾಂ ಮೈದಾಕ್ಕೆ ಕಿವುಚಿದ ಹಣ್ಣು ಸುಮಾರು 250 ಗ್ರಾಂ ಸಾಕು. ಪಚ್ಚಬಾಳೆಯ ಗಾತ್ರ ಒಂದೇ ಸಮನಾಗಿರುವುದಿಲ್ಲವಾದ್ದರಿಂದ ಎಣಿಸುವ ಬದಲು ತೂಗಿರಿ. ಸಿಪ್ಪೆ ಕಪ್ಪಾಗತೊಡಗಿದ ಹಣ್ಣೇ ಬೇಕು, ಏಕೆಂದರೆ ಅದರ ಪಿಷ್ಟವು ಸಕ್ಕರೆಯಾಗಿ ಮಾರ್ಪಟ್ಟಿರುತ್ತದೆ.

ಅಡುಗೆ ಸೋಡಾ ಒಂದು ಟೀ ಚಮಚಕ್ಕೆ ಮೀರಬಾರದು. ಅದು ಹಣ್ಣಿನ ಹುಳಿ ಅಂಶದೊಡನೆ ಬೆರೆತ ಕೂಡಲೇ ಅನಿಲವನ್ನು ಬಿಡತೊಡಗುತ್ತದೆ. ಆದುದರಿಂದ ಓವನ್ನನ್ನು ಮೊದಲೇ 175 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿಟ್ಟುಕೊಂಡು, ಮೈದಾ ಹಾಕಿದ ಮೇಲೆ ಒಣ ಹಿಟ್ಟು ಕಾಣದಷ್ಟು ಮಾತ್ರ ಕಲಸಿ, ತಡಮಾಡದೆ ಒಳಗಿಡಬೇಕು. ಹೆಚ್ಚು ಕಲಸಿದರೆ ಮೈದಾದಲ್ಲಿನ ಗ್ಲುಟೆನ್ ಎಂಬ ಜಿಗುಟು ಪ್ರೋಟೀನ್ ಬಲಗೊಂಡು ಲೋಫ್ ಗಡುಸಾಗುತ್ತದೆ. ಮೊದಲ 40 ನಿಮಿಷ ಬಾಗಿಲನ್ನು ತೆರೆಯಲೇಬೇಡಿ. ಅಷ್ಟರಲ್ಲಿ ಮೇಲ್ಭಾಗ ಕೆಂಪಾಗಿದ್ದರೆ ಅಲ್ಯೂಮಿನಿಯಂ ಹಾಳೆಯನ್ನು ಹೊದಿಸಿ, ಒಟ್ಟು 55ರಿಂದ 65 ನಿಮಿಷ ಬೇಯಿಸಿ, ನಡುವೆ ಚುಚ್ಚಿದ ಕಡ್ಡಿಗೆ ಹಸಿ ಹಿಟ್ಟು ಅಂಟದಿದ್ದಾಗ ಹೊರತೆಗೆಯಿರಿ.

ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಅಕ್ರೋಟು ತೇವ ಹೀರಿ ಮೆತ್ತಗಾಗುವುದರಿಂದ, 70 ಗ್ರಾಂನಷ್ಟನ್ನು ಸಣ್ಣ ಉರಿಯಲ್ಲಿ ಹುರಿದು ಆರಿಸಿ ಸೇರಿಸಿ. ಗೋಡಂಬಿಯೂ ಆಗಬಹುದು, ಆದರೆ ಅಕ್ರೋಟಿನ ತುಸು ಒಗರೇ ಈ ಸಿಹಿಗೆ ಹೆಚ್ಚು ಹೊಂದುತ್ತದೆಂಬುದು ನನ್ನ ಅಭಿಪ್ರಾಯ. ಬಿಸಿಯಿರುವಾಗ ಮಾತ್ರ ಕತ್ತರಿಸಬೇಡಿ. ಪೂರ್ತಿ ಆರುವವರೆಗೂ ಒಳಭಾಗ ಗಟ್ಟಿಯಾಗುತ್ತಲೇ ಇರುತ್ತದೆ.