ಹಾಡಿನ ನಡುವೆಯೇ ಶ್ರುತಿ ಏರಿಸಬೇಕಾದಾಗ

ಈ ತಿಂಗಳು ಗಿಟಾರ್ ಅಂಕಣಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೇಪೋ ಬಗ್ಗೆಯೇ ಇದ್ದವು, ಅಂದರೆ ಗಿಟಾರಿನ ಕತ್ತಿಗೆ ಹಾಕಿ ಎಲ್ಲಾ ತಂತಿಗಳನ್ನೂ ಒಟ್ಟಿಗೆ ಒತ್ತಿ ಶ್ರುತಿ ಏರಿಸುವ ಸಾಧನ. ಅದರಲ್ಲೂ ತಂತಿ ಮೇಲೆ ಉರುಳುವ ರೋಲಿಂಗ್ ಕೇಪೋ ಬಗ್ಗೆ. ಹಾಗಾಗಿ ಬೇರೆ ವಿಷಯಗಳನ್ನು ಬದಿಗಿಟ್ಟು ಈ ಸಲ ಅದೊಂದನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮಸ್ಕಾರ. ನಾನೂ ನನ್ನ ಹೆಂಡತಿಯೂ ಭಾವಗೀತೆ ಹಾಡುತ್ತೇವೆ, ಗಿಟಾರ್ ನನ್ನದು. ಕೆಲವು ಹಾಡುಗಳಲ್ಲಿ ಕೊನೆಯ ಪಲ್ಲವಿಯನ್ನು ಸ್ವಲ್ಪ ಮೇಲಿನ ಶ್ರುತಿಯಲ್ಲಿ ಹಾಡಿದರೆ ಬಹಳ ಚೆನ್ನಾಗಿ ಬರುತ್ತದೆ. ಆದರೆ ಕ್ಲಿಪ್ ಕೇಪೋ ತೆಗೆದು ಮತ್ತೆ ಹಾಕುವಷ್ಟರಲ್ಲಿ ತಾಳ ಕೈತಪ್ಪುತ್ತದೆ. ರೋಲಿಂಗ್ ಕೇಪೋ ಅಂತ ಬರುತ್ತದಂತೆ, ನಿಜಕ್ಕೂ ಕೆಲಸಕ್ಕೆ ಬರುತ್ತದಾ? (ಶಿವಮೊಗ್ಗದ ಓದುಗರು)

ಬರುತ್ತದೆ. ನೀವು ಕೇಳಿದ ಕೆಲಸಕ್ಕಂತೂ ಹೇಳಿ ಮಾಡಿಸಿದ ಸಾಮಾನು ಅದು.

ಮೊದಲು ಅದು ಹೇಗಿರುತ್ತದೆ ಅಂತ ಹೇಳುತ್ತೇನೆ. ಎರಡು ರೋಲರ್ ಇರುತ್ತವೆ. ಒಂದು ತಂತಿಗಳ ಮೇಲೆ ಕೂರುತ್ತದೆ, ಅದಕ್ಕೆ ಮೆತ್ತಗಿನ ರಬ್ಬರ್ ಹೊದಿಕೆ. ಇನ್ನೊಂದು ಗಿಟಾರಿನ ಕತ್ತಿನ ಹಿಂಬದಿಗೆ. ಎರಡನ್ನೂ ಪಕ್ಕದಲ್ಲಿ ಸ್ಪ್ರಿಂಗ್ ಎಳೆದು ಹಿಡಿದಿರುತ್ತದೆ, ಅಷ್ಟೇ. ಕ್ಲಿಪ್ ಕೇಪೋವನ್ನು ಒತ್ತಿ, ಬಿಚ್ಚಿ, ಎತ್ತಿ ಇನ್ನೊಂದು ಕಡೆ ಇಡಬೇಕು. ಇದನ್ನು ಸುಮ್ನೆ ತಳ್ಳಿದರೆ ಉರುಳಿಕೊಂಡು ಹೋಗುತ್ತದೆ. ತಂತಿ ಬಿಟ್ಟು ಮೇಲೇಳುವುದೇ ಇಲ್ಲ.

ಒಂದೊಂದು ಫ್ರೆಟ್ (ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ, ಅದರ ಹಿಂದಿನ ಜಾಗಕ್ಕೂ ಅದೇ ಹೆಸರು) ದಾಟಿದಾಗಲೂ ಒಂದೊಂದು ಸ್ವರಸ್ಥಾನ ಏರುತ್ತದೆ. ಷಡ್ಜದಿಂದ ಮೇಲಿನ ಷಡ್ಜಕ್ಕೆ ಹನ್ನೆರಡು ಸ್ವರಸ್ಥಾನ, ಗಿಟಾರಿನಲ್ಲೂ ಹನ್ನೆರಡನೇ ಫ್ರೆಟ್‌ಗೆ ಸರಿಯಾಗಿ ಮೇಲಿನ ಸ್ಥಾಯಿ ಸಿಗುತ್ತದೆ. ಐದನೇ ತಂತಿ ಖಾಲಿ ಬಿಟ್ಟರೆ ಸೆಕೆಂಡಿಗೆ 110 ಸಲ ಅದುರುತ್ತದೆ, ಎರಡನೇ ಫ್ರೆಟ್‌ನಲ್ಲಿ ಕೇಪೋ ಕೂತರೆ ಸುಮಾರು 123, ಹನ್ನೆರಡರಲ್ಲಿ 220. ಈಗ ನಿಮ್ಮ ಹಾಡು ಡಿ ಸ್ಕೇಲಿನಲ್ಲಿದೆ ಅಂದುಕೊಳ್ಳಿ. ಕೇಪೋವನ್ನು ಎರಡನೇ ಫ್ರೆಟ್‌ನಲ್ಲಿ ಇಟ್ಟು ಸಿ, ಎಫ್, ಜಿ, ಎ ಮೈನರ್ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಂಪುಗಳ) ಶೇಪ್‌ಗಳಲ್ಲೇ, ಅಂದರೆ ಅವಕ್ಕೆ ಬೆರಳಿಡುವ ರೀತಿಯಲ್ಲೇ ನುಡಿಸುತ್ತೀರಿ, ಕಿವಿಗೆ ಕೇಳುವುದು ಡಿ, ಜಿ, ಎ, ಬಿ ಮೈನರ್. ಕೊನೆಯ ಪಲ್ಲವಿಗೆ ಕೇಪೋ ನಾಲ್ಕಕ್ಕೆ ಉರುಳಿದರೆ ಅವೇ ಬೆರಳು, ಅವೇ ಶೇಪ್, ಆದರೆ ಹಾಡು ಇ ಸ್ಕೇಲಿಗೆ ಬಂದಿರುತ್ತದೆ.

ಇಷ್ಟು ಎಲ್ಲರೂ ಹೇಳುತ್ತಾರೆ. ಆದರೆ ಉರುಳಿಸುವ ಆ ಒಂದು ಕ್ಷಣವನ್ನು ಯಾರೂ ಸರಿಯಾಗಿ ಕಲಿಸುವುದಿಲ್ಲ, ಕೆಲಸ ಕೆಡುವುದೂ ಅಲ್ಲೇ. ಎಡಗೈ ಕೇಪೋ ತಳ್ಳಲು ಹೋದಾಗ ಯಾವ ಕಾರ್ಡೂ ಹಿಡಿದಿರುವುದಿಲ್ಲ. ತಂತಿಗಳು ಇನ್ನೂ ಅದುರುತ್ತಿದ್ದರೆ ಖಾಲಿ ತಂತಿಗಳ ಸದ್ದು ಒಟ್ಟಾಗಿ "ಊಂಯ್" ಅಂತ ಜಾರಿಕೊಂಡು ಮೇಲೆ ಹೋಗುತ್ತದೆ, ಎದುರು ಕೂತವರ ಮುಖ ಕಿವುಚಿಕೊಳ್ಳುತ್ತದೆ. ಅದಕ್ಕೇ ಚರಣದ ಕೊನೆಯ ಕಾರ್ಡ್ ನುಡಿಸಿ, ಬಲ ಅಂಗೈಯ ಅಂಚನ್ನು ಸೇತುವೆ (ದೇಹದ ಮೇಲೆ ತಂತಿಗಳನ್ನು ಕಟ್ಟಿರುವ ಬ್ರಿಡ್ಜ್) ಹತ್ತಿರ ತಂತಿಗಳ ಮೇಲೆ ಮೆಲ್ಲಗೆ ಇಟ್ಟು ಸದ್ದು ನಿಲ್ಲಿಸಿ, ಆಮೇಲೆ ಉರುಳಿಸಿ. ಹೆಬ್ಬೆರಳು ಹಿಂದಿನ ರೋಲರಿನ ಮೇಲಿರಲಿ, ತೋರುಬೆರಳು ಮುಂದಿನದರ ಮೇಲೆ. ಎರಡೂ ಒಟ್ಟಿಗೆ ತಳ್ಳಬೇಕು, ಇಲ್ಲದಿದ್ದರೆ ಕೇಪೋ ಓರೆಯಾಗುತ್ತದೆ. ಓರೆಯಾದರೆ ಯಾವುದಾದರೂ ಒಂದು ತಂತಿ ಜುಂಯ್‌ಗುಟ್ಟುತ್ತದೆ, ಸಾಮಾನ್ಯವಾಗಿ ಮೇಲಿನ ದಪ್ಪ ತಂತಿ ಅಥವಾ ಕೆಳಗಿನ ತೀರಾ ತೆಳು ತಂತಿ.

ಉರುಳಿಸಿದ ತಕ್ಷಣ ಸಿ ಶೇಪ್ ಹಿಡಿಯಬೇಡಿ! ಜಿ ಶೇಪ್ ಹಿಡಿದು ಒಂದು ಆವರ್ತನ ನುಡಿಸಿ. ಅದು ಹೊಸ ಸ್ಕೇಲಿನ ಪಂಚಮದ ಕಾರ್ಡ್. ಅದು ಕೇಳಿದ ಕೂಡಲೇ ನಿಮ್ಮ ಹೆಂಡತಿಯವರ ಕಿವಿ ಹೊಸ ಷಡ್ಜವನ್ನು ತಾನೇ ಹುಡುಕಿಕೊಳ್ಳುತ್ತದೆ, ಪಲ್ಲವಿ ಎತ್ತಿಕೊಳ್ಳುವಾಗ ತಡಕಾಡಬೇಕಾಗುವುದಿಲ್ಲ. ಇದನ್ನು ಬಿಟ್ಟು ನೇರ ಹೊಸ ಶ್ರುತಿಗೆ ಹಾರಿದರೆ ಗಿಟಾರ್ ಮೇಲೆ ಹೋಗಿರುತ್ತದೆ, ಹಾಡುವವರು ಕೆಳಗೇ ಉಳಿದಿರುತ್ತಾರೆ.

ನನ್ನ ಹತ್ತಿರ ಕಲಿಯುವ ಒಬ್ಬರು ಹೈಸ್ಕೂಲ್ ಮೇಷ್ಟ್ರು ಇದ್ದಾರೆ. ಶಾಲೆ ಮುಗಿಸಿ ಬಂದು, ಕಾಫಿ ಕುಡಿದು, ಮೊದಲ ಹತ್ತು ನಿಮಿಷ ಹಾಡೇ ನುಡಿಸುವುದಿಲ್ಲ. ಕಣ್ಣು ಮುಚ್ಚಿಕೊಂಡು ಎರಡರಿಂದ ನಾಲ್ಕಕ್ಕೆ, ನಾಲ್ಕರಿಂದ ಎರಡಕ್ಕೆ ಕೇಪೋ ಉರುಳಿಸುತ್ತಾರೆ. ರೋಲರ್ ಒಂದೊಂದು ಫ್ರೆಟ್ ಹತ್ತಿ ಇಳಿಯುವಾಗ ಬೆರಳಿಗೆ ಸಣ್ಣ ಏರು ತಗಲುತ್ತದೆ, ರಸ್ತೆ ಹಂಪ್ ದಾಟಿದ ಹಾಗೆ. ಅವರು ಆ ಏರನ್ನು ಎಣಿಸುತ್ತಾರೆ. ಫ್ರೆಟ್ ನೋಡುವುದಿಲ್ಲ, ದೂರ ಅಳೆಯುವುದೂ ಇಲ್ಲ. ಅವರು ಮಾಡುವುದೇ ಸರಿ, ಯಾಕೆಂದರೆ ದೂರ ನಂಬುವ ಹಾಗಿಲ್ಲ. ಸಾಮಾನ್ಯ ಗಿಟಾರಿನಲ್ಲಿ ನಟ್‌ನಿಂದ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಸಣ್ಣ ಪಟ್ಟಿಯಿಂದ) ಸೇತುವೆಗೆ ತಂತಿಯ ಉದ್ದ ಸುಮಾರು 65 ಸೆಂ.ಮೀ. ಮೊದಲ ಫ್ರೆಟ್ 36 ಮಿ.ಮೀ. ಅಗಲ, ಏಳನೆಯದು ಬರೀ 26. ಎರಡರಿಂದ ನಾಲ್ಕಕ್ಕೆ ಹೋಗಲು 6 ಸೆಂ.ಮೀ.ಗಿಂತ ಜಾಸ್ತಿ ತಳ್ಳಬೇಕು, ಐದರಿಂದ ಏಳಕ್ಕೆ 5.3 ಸಾಕು. ಕೈ ಒಂದೇ ಅಳತೆ ರೂಢಿ ಮಾಡಿಕೊಂಡರೆ ಮೇಲಿನ ಫ್ರೆಟ್‌ಗಳಲ್ಲಿ ಮುಂದಕ್ಕೆ ಹೋಗಿಬಿಡುತ್ತದೆ. ಮೇಷ್ಟ್ರಿಗೆ ಇದು ಕೈಗೆ ಕೂರಲು ಮೂರು ವಾರ ಹಿಡಿಯಿತು. ನೀವೂ ಅಷ್ಟು ದಿನ ಕೊಡಿ, ಆಮೇಲೆ ವೇದಿಕೆಗೆ ಹೋಗಿ.

ಒಂದು ಮಾತು ಬಾಕಿ ಇದೆ. ಶ್ರುತಿಪೆಟ್ಟಿಗೆ ಅಥವಾ ಮೊಬೈಲಿನಲ್ಲಿ ತಂಬೂರಿ ಹಾಕಿಕೊಂಡು ಹಾಡುವ ರೂಢಿ ಇದ್ದರೆ, ಆ ಹಾಡಿಗೆ ಅದನ್ನು ನಿಲ್ಲಿಸಲೇಬೇಕು. ಗಿಟಾರ್ ಇ ಸ್ಕೇಲಿಗೆ ಹೋಗಿ ತಂಬೂರಿ ಡಿಯಲ್ಲೇ ನುಡಿಯುತ್ತಿದ್ದರೆ ಕೇಳಲಿಕ್ಕಾಗುವುದಿಲ್ಲ. ನಮ್ಮ ಶಾಸ್ತ್ರೀಯ ಸಂಗೀತದಲ್ಲಿ ಹಾಡಿನ ಮಧ್ಯೆ ಆಧಾರ ಷಡ್ಜ ಬದಲಿಸುವ ಪದ್ಧತಿಯೇ ಇಲ್ಲ ಅಲ್ವಾ, ಹಾಗಾಗಿ ಶ್ರುತಿಯಲ್ಲಿ ಬೆಳೆದ ಕಿವಿಗೆ ಇದು ದೊಡ್ಡ ಬದಲಾವಣೆ. ಒಂದು ಕಛೇರಿಯಲ್ಲಿ ಒಂದೇ ಒಂದು ಹಾಡಿಗೆ ಮಾಡಿ. ಪ್ರತಿ ಹಾಡಿಗೂ ಮಾಡಿದರೆ ಅದರ ಬೆಲೆ ಹೋಗುತ್ತದೆ.

ಪ್ರಶ್ನೆ: ಯುಗಳ ಗೀತೆಗೆ ಗಿಟಾರ್ ನುಡಿಸುತ್ತೇನೆ. ಹುಡುಗ ಡಿ ಸ್ಕೇಲಿನಲ್ಲಿ ಹಾಡುತ್ತಾನೆ, ಹುಡುಗಿಗೆ ಜಿ ಬೇಕು. ರೋಲಿಂಗ್ ಕೇಪೋ ಎರಡರಿಂದ ಏಳಕ್ಕೆ ತಳ್ಳಿದರೆ ಗಿಟಾರ್ ಆಟದ ಸಾಮಾನಿನ ಹಾಗೆ ಕೇಳುತ್ತದೆ. ಏನು ಮಾಡಲಿ? (ಹುಬ್ಬಳ್ಳಿಯಿಂದ, ಕಾಲೇಜು ವಿದ್ಯಾರ್ಥಿ)

ನಿಮ್ಮ ಕಿವಿ ಸರಿಯಾಗಿದೆ. ಏಳನೇ ಫ್ರೆಟ್‌ನಲ್ಲಿ ಕೇಪೋ ಕೂತರೆ ತಂತಿಯ ಮೂರರಲ್ಲಿ ಒಂದು ಭಾಗವೇ ಹೋಯಿತು. ತಗ್ಗಿನ ದನಿ ಎಲ್ಲಾ ಕಳೆದು ಮ್ಯಾಂಡೊಲಿನ್ ಥರ ಆಗುತ್ತದೆ.

ಕೇಪೋ ಜೊತೆಗೆ ಶೇಪನ್ನೂ ಬದಲಿಸಿ. ಹುಡುಗನಿಗೆ ಎರಡನೇ ಫ್ರೆಟ್‌ನಲ್ಲಿ ಸಿ ಶೇಪ್ ನುಡಿಸುತ್ತಿದ್ದೀರಲ್ಲ, ಹುಡುಗಿಯ ಸಾಲು ಬಂದಾಗ ಐದಕ್ಕೆ ಮಾತ್ರ ಉರುಳಿಸಿ ಡಿ ಶೇಪ್ ಹಿಡಿಯಿರಿ. ಅದೂ ಜಿ ಸ್ಕೇಲೇ. ಡಿ, ಜಿ, ಎ ಶೇಪ್‌ಗಳು ನಿಮಗೆ ಬಂದೇ ಬರುತ್ತವೆ, ಬಿ ಮೈನರ್ ಒಂದು ಗಟ್ಟಿ ಮಾಡಿಕೊಂಡರೆ ಸಾಕು. ಇನ್ನೂ ಒಂದು ದಾರಿ ಇದೆ: ಮೂರಕ್ಕೆ ಉರುಳಿಸಿ ಇ ಶೇಪ್. ಒಂದೇ ಫ್ರೆಟ್ ಚಲನೆ, ಗಿಟಾರಿನ ದನಿ ತುಂಬಿಕೊಂಡಿರುತ್ತದೆ. ಆದರೆ ಆ ಗುಂಪಿನಲ್ಲಿ ಬಿ ಕಾರ್ಡ್ ಬರುತ್ತದೆ, ಬೆರಳಿಗೆ ಕಷ್ಟ. ನಾನಾದರೆ ಡಿ ಶೇಪ್ ದಾರಿ ಹಿಡಿಯುತ್ತೇನೆ. ಹುಡುಗಿ ಒಪ್ಪಿದರೆ ಅವಳಿಗೆ ಎಫ್ ಶಾರ್ಪ್ ಸಾಕಾ ಅಂತಲೂ ಒಮ್ಮೆ ಕೇಳಿ ನೋಡಿ, ಆಗ ನಾಲ್ಕಕ್ಕೇ ನಿಲ್ಲಬಹುದು. ಗಿಟಾರಿಗೆ ಅನುಕೂಲ ಅಂತ ಅವಳನ್ನು ಒತ್ತಾಯ ಮಾಡಬೇಡಿ ಮಾತ್ರ, ಗಂಟಲು ಒಪ್ಪಿದ ಶ್ರುತಿಯೇ ಮೊದಲು.

ಪ್ರಶ್ನೆ: ರೋಲಿಂಗ್ ಕೇಪೋ ತಂದು ಒಂದು ತಿಂಗಳಾಯಿತು. ಮೇಲಕ್ಕೆ ಉರುಳಿಸಿದಾಗಲೆಲ್ಲಾ ಶ್ರುತಿ ಸ್ವಲ್ಪ ಏರಿದ ಹಾಗೆ ಅನಿಸುತ್ತದೆ. ಕೇಪೋ ಕೆಟ್ಟಿದ್ದಾ? (ಮೈಸೂರಿನ ಓದುಗರು)

ಕೆಟ್ಟಿರಲಿಕ್ಕಿಲ್ಲ. ಯಾವ ಕೇಪೋ ಹಾಕಿದರೂ ತಂತಿಯನ್ನು ಕೆಳಗೆ ಒತ್ತುತ್ತದೆ, ಒತ್ತಿದರೆ ತಂತಿ ಸ್ವಲ್ಪ ಬಿಗಿಯುತ್ತದೆ, ಬಿಗಿದರೆ ಶ್ರುತಿ ಒಂದು ಎಳೆ ಏರುತ್ತದೆ. ರೋಲಿಂಗ್ ಕೇಪೋದಲ್ಲಿ ಇದಕ್ಕೆ ಇನ್ನೆರಡು ಕಾರಣ ಸೇರುತ್ತವೆ. ಗಿಟಾರಿನ ಕತ್ತು ದೇಹದ ಕಡೆ ಹೋದ ಹಾಗೆ ದಪ್ಪವಾಗುತ್ತದೆ, ಆಗ ಸ್ಪ್ರಿಂಗ್ ಜಾಸ್ತಿ ಹಿಗ್ಗಿ ಜಾಸ್ತಿ ಒತ್ತುತ್ತದೆ. ಆ ಕಡೆ ತಂತಿ ಫ್ರೆಟ್‌ನಿಂದ ಎತ್ತರದಲ್ಲೂ ಇರುತ್ತದೆ. ನಿಮ್ಮ ಗಿಟಾರಿನಲ್ಲಿ ತಂತಿ ತೀರಾ ಎತ್ತರಕ್ಕಿದ್ದರೆ ಯಾವ ಕೇಪೋ ತಂದರೂ ಇದೇ ಗೋಳು. ರಿಪೇರಿ ಮಾಡುವವರ ಹತ್ತಿರ ಕೊಟ್ಟು ಎತ್ತರ ಇಳಿಸಿಕೊಳ್ಳಿ.

ಮನೆಯಲ್ಲೇ ಮಾಡಬಹುದಾದ್ದು ಇದು. ರೋಲರ್ ಫ್ರೆಟ್‌ನ ಲೋಹದ ಹಿಂದೆ, ಆದಷ್ಟು ಅದಕ್ಕೆ ತಾಗಿಕೊಂಡ ಹಾಗೆ ನಿಲ್ಲಲಿ. ಎರಡು ಫ್ರೆಟ್‌ಗಳ ನಟ್ಟನಡುವೆ ನಿಂತರೆ ತಂತಿ ಹೆಚ್ಚು ಬಗ್ಗುತ್ತದೆ, ಶ್ರುತಿ ಏರುತ್ತದೆ. ಲೋಹದ ಮೇಲೆಯೇ ಹತ್ತಿ ಕೂತರೆ ಶ್ರುತಿ ಏರುವುದಿಲ್ಲ, ಆದರೆ ರಬ್ಬರ್ ತಾಗಿ ಸದ್ದು ಮಂಕಾಗುತ್ತದೆ. ಮತ್ತೆ, ಹಾಡು ಶುರು ಮಾಡುವ ಫ್ರೆಟ್‌ನಲ್ಲಿ ಕೇಪೋ ಇಟ್ಟೇ ಟ್ಯೂನ್ ಮಾಡಿ. ಖಾಲಿ ಗಿಟಾರ್ ಟ್ಯೂನ್ ಮಾಡಿ ಆಮೇಲೆ ಕೇಪೋ ಹಾಕಿದರೆ ಮೊದಲ ಸಾಲಿನಿಂದಲೇ ತಪ್ಪು ಸೇರಿಕೊಳ್ಳುತ್ತದೆ. ನಾನು ಇನ್ನೊಂದು ಮಾಡುತ್ತೇನೆ. ಎರಡರಿಂದ ನಾಲ್ಕಕ್ಕೆ ಹೋಗುವ ಹಾಡಾದರೆ ಎರಡರಲ್ಲಿ ಟ್ಯೂನ್ ಮಾಡಿ, ನಾಲ್ಕಕ್ಕೆ ಉರುಳಿಸಿ ಟ್ಯೂನರ್ ನೋಡಿ, ಏರಿದ್ದರಲ್ಲಿ ಅರ್ಧದಷ್ಟು ಇಳಿಸಿಬಿಡುತ್ತೇನೆ. ಎರಡೂ ಕಡೆ ಕೂದಲೆಳೆಯಷ್ಟು ವ್ಯತ್ಯಾಸ ಉಳಿಯುತ್ತದೆ, ಒಂದು ಕಡೆ ದೊಡ್ಡದಾಗಿ ಕೆಡುವುದಕ್ಕಿಂತ ಇದು ಮೇಲು.

ಕ್ಲಿಪ್ ಕೇಪೋಗಿಂತ ಇದರಲ್ಲಿ ಒಂದು ತೊಂದರೆ ಕಡಿಮೆ, ಅದನ್ನೂ ಹೇಳಬೇಕು. ಕ್ಲಿಪ್ ಕಚ್ಚುವಾಗ ತಂತಿಗಳನ್ನು ಪಕ್ಕಕ್ಕೆ ಎಳೆದುಬಿಡುವುದುಂಟು. ರೋಲರ್ ಉರುಳುವುದರಿಂದ ಹಾಗೆ ಎಳೆಯುವುದು ಕಡಿಮೆ.

ಪ್ರಶ್ನೆ: ನಮ್ಮ ತಂಡದ ಹಾರ್ಮೋನಿಯಂ ಅಣ್ಣ "ಕರಿ ಮೂರಕ್ಕೆ ಹಾಡೋಣ" ಅನ್ನುತ್ತಾರೆ, ಹಾಡುವ ಅಕ್ಕ "ನಾಲ್ಕೂವರೆ ಮನೆ" ಅನ್ನುತ್ತಾರೆ, ನನಗೆ ಫ್ರೆಟ್ ನಂಬರ್ ಬೇಕು. (ಸಾಗರದ ಓದುಗರು)

ಅಣ್ಣ, ಅಕ್ಕ ಇಬ್ಬರೂ ಒಂದೇ ಶ್ರುತಿ ಹೇಳುತ್ತಿದ್ದಾರೆ. ಎರಡೂ ಎಫ್ ಶಾರ್ಪ್. ಬಿಳಿ ಒಂದು ಅಂದರೆ ಸಿ, ಅದೇ ಒಂದು ಮನೆ. ಕರಿ ಒಂದು ಅಂದರೆ ಸಿ ಶಾರ್ಪ್, ಅದು ಒಂದೂವರೆ ಮನೆ. ಬಿಳಿ ಎರಡು ಡಿ, ಕರಿ ಎರಡು ಅಂದರೆ ಎರಡೂವರೆ, ಬಿಳಿ ಮೂರು ಇ. ಇಲ್ಲಿ ಎಲ್ಲರೂ ಎಡವುತ್ತಾರೆ: ಇ ಮತ್ತು ಎಫ್ ನಡುವೆ ಕರಿ ಮನೆ ಇಲ್ಲ, ಹಾಗಾಗಿ ಮೂರೂವರೆ ಅನ್ನುವುದೇ ಇಲ್ಲ. ಬಿಳಿ ನಾಲ್ಕು ಎಫ್, ಅದಾದ ಮೇಲೆ ಕರಿ ಮೂರು, ಅಂದರೆ ನಾಲ್ಕೂವರೆ. ಐದು ಜಿ, ಆರು ಎ, ಏಳು ಬಿ.

ಫ್ರೆಟ್ ಹುಡುಕಲು ನಿಮಗೆ ಸಲೀಸಾದ ಶೇಪಿನಿಂದ ಬೇಕಾದ ಶ್ರುತಿಯ ತನಕ ಹಾರ್ಮೋನಿಯಂ ಮನೆಗಳನ್ನು, ಕರಿ ಬಿಳಿ ಎರಡೂ ಸೇರಿಸಿ, ಎಣಿಸುತ್ತಾ ಹೋಗಿ. ಡಿ ಬಿಟ್ಟು ಎಣಿಸಿದರೆ ಡಿಯಿಂದ ಎಫ್ ಶಾರ್ಪ್‌ಗೆ ನಾಲ್ಕು. ಹಾಗಾಗಿ ನಾಲ್ಕನೇ ಫ್ರೆಟ್, ಡಿ ಶೇಪ್. ಇನ್ನೂ ತುಂಬಿದ ದನಿ ಬೇಕಾದರೆ ಎರಡನೇ ಫ್ರೆಟ್, ಇ ಶೇಪ್.

ಪ್ರಶ್ನೆ: ಕೇಪೋ ಬಳಸಿದರೆ ಬಾರ್ ಕಾರ್ಡ್ (ತೋರುಬೆರಳನ್ನು ಅಡ್ಡಲಾಗಿ ಇಟ್ಟು ತಂತಿಗಳನ್ನೆಲ್ಲಾ ಒತ್ತಿ ಹಿಡಿಯುವ ಕಾರ್ಡ್) ಬರದವರು ಅಂತ ಗೆಳೆಯರು ರೇಗಿಸುತ್ತಾರೆ. (ದಾವಣಗೆರೆಯ ಓದುಗರು)

ಸ್ಪೇನಿನ ಫ್ಲಮೆಂಕೊ ಗಿಟಾರ್ ವಾದಕರು ಹಾಡುವವರ ಗಂಟಲಿಗೆ ಹೊಂದಿಸಲು ಸೆಖಿಯಾ ಅನ್ನುವ ಮರದ ಕೇಪೋವನ್ನು ಕಟ್ಟಿಕೊಂಡು ನುಡಿಸುತ್ತಾ ಬಂದಿದ್ದಾರೆ. ಅವರ ಬೆರಳಿನ ಬಗ್ಗೆ ಯಾರಾದರೂ ಮಾತಾಡುತ್ತಾರಾ? ಬಾರ್ ಕಾರ್ಡ್ ಕಲಿಯಿರಿ, ಅದು ಬೇರೆ ಕೆಲಸಕ್ಕೆ ಬೇಕೇ ಬೇಕು. ಖಾಲಿ ತಂತಿ ತೆರೆದುಕೊಂಡು ನುಡಿಯುವ ಸೊಗಸು ಮಾತ್ರ ಬಾರ್ ಕಾರ್ಡ್‌ನಲ್ಲಿ ಸಿಗುವುದಿಲ್ಲ, ಅದಕ್ಕೆ ಕೇಪೋನೇ ಬೇಕು.

ಪ್ರಶ್ನೆ: ನನ್ನದು ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್. ರೋಲಿಂಗ್ ಕೇಪೋ ಕೂರುತ್ತದಾ? ಶ್ರುತಿ ಇಳಿಸಲೂ ಬಳಸಬಹುದಾ? (ಪುತ್ತೂರಿನ ಓದುಗರು)

ಕ್ಲಾಸಿಕಲ್ ಗಿಟಾರಿನ ಕತ್ತು ಅಗಲ, ಫ್ರೆಟ್‌ಬೋರ್ಡ್ ಚಪ್ಪಟೆ. ಸ್ಟೀಲ್ ತಂತಿಯ ಗಿಟಾರಿಗೆಂದು ಮಾಡಿದ್ದನ್ನು ಹಾಕಿದರೆ ಅಂಚಿನ ತಂತಿ ಸರಿಯಾಗಿ ಒತ್ತುವುದಿಲ್ಲ. ಕೊಳ್ಳುವಾಗ ಗಿಟಾರನ್ನೇ ಅಂಗಡಿಗೆ ಒಯ್ದು, ಹಾಕಿ, ಆರೂ ತಂತಿ ಒಂದೊಂದಾಗಿ ಮೀಟಿ ನೋಡಿ. ಇದರ ಬೆಲೆ ಮಾಮೂಲಿ ಕ್ಲಿಪ್‌ಗಿಂತ ಜಾಸ್ತಿ, ಹಾಗಾಗಿ ನೋಡದೆ ತರಿಸಬೇಡಿ. ಒಂದು ಹಾಡಿಗೆ ಒಂದೇ ಶ್ರುತಿ ಸಾಕು ಅನ್ನುವವರಾದರೆ ಕ್ಲಿಪ್ ಕೇಪೋನೇ ಸಾಕು.

ಇಳಿಸುವುದಕ್ಕೆ ಒಂದು ಉಪಾಯ ಇದೆ. ಕೇಪೋ ಶ್ರುತಿಯನ್ನು ಏರಿಸುತ್ತದೆಯೇ ಹೊರತು ಖಾಲಿ ತಂತಿಗಿಂತ ಕೆಳಗೆ ಇಳಿಸುವುದಿಲ್ಲ. ಅದಕ್ಕೇ ಆರೂ ತಂತಿಗಳನ್ನು ಎರಡು ಸ್ವರಸ್ಥಾನ ಸಡಿಲಿಸಿ ಡಿ, ಜಿ, ಸಿ, ಎಫ್, ಎ, ಡಿ ಮಾಡಿಕೊಳ್ಳಿ. ಆಗ ಎರಡನೇ ಫ್ರೆಟ್‌ನಲ್ಲಿ ಕೇಪೋ ಇಟ್ಟರೆ ಮಾಮೂಲಿ ಗಿಟಾರ್. ಅಲ್ಲಿಂದ ಒಂದಕ್ಕೆ ಉರುಳಿಸಿದರೆ ಶ್ರುತಿ ಒಂದು ಸ್ವರಸ್ಥಾನ ಇಳಿಯಿತು. ಲಾಲಿಹಾಡಿನ ಕೊನೆಯ ಸಾಲಿಗೆ ಹೀಗೆ ಇಳಿಸಿ ನೋಡಿ.